ಒಡೆಯಲಾರದ ಸಂಖ್ಯೆ: 2,14,74,83,647

ಚದುರಂಗದ ಮಣೆಯ ಕತೆ ಬಹುತೇಕ ಎಲ್ಲ ಮಕ್ಕಳಿಗೂ ಗೊತ್ತು. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಪ್ರತಿ ಮನೆಗೂ ಹಿಂದಿನದರ ಎರಡರಷ್ಟು ಕಾಳು ಬೇಕೆಂದು ಕೇಳಿದ ಜಾಣನ ಮುಂದೆ ರಾಜನ ಕಣಜವೇ ಬರಿದಾದ ಕತೆ ಅದು. ಅರವತ್ತನಾಲ್ಕನೆಯ ಮನೆಯವರೆಗೆ ಹೋಗುವುದು ಬೇಡ. ನಾಲ್ಕನೆಯ ಸಾಲಿನ ಕೊನೆಯ ಮನೆಯೊಂದನ್ನು ಬಿಟ್ಟು, ಮೂವತ್ತೊಂದನೆಯ ಮನೆಗೇ ನಿಲ್ಲಿಸಿ, ಅಲ್ಲಿಯವರೆಗಿನ ಕಾಳುಗಳನ್ನೆಲ್ಲ ಕೂಡಿಸಿದರೆ ಬರುವ ಮೊತ್ತ 2,14,74,83,647. ಅಂದರೆ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು.

ಈ ರಾಶಿಯನ್ನು ಸಮನಾಗಿ ಹಂಚಲು ಹೊರಟರೆ ವಿಚಿತ್ರವೊಂದು ಎದುರಾಗುತ್ತದೆ. ಇಬ್ಬರಿಗೆ ಹಂಚಿದರೆ ಒಂದು ಕಾಳು ಉಳಿಯುತ್ತದೆ. ಮೂವರಿಗೆ, ಏಳು ಮಂದಿಗೆ, ನೂರು ಮಂದಿಗೆ, ಲಕ್ಷ ಮಂದಿಗೆ ಹಂಚಿದರೂ ಏನಾದರೊಂದು ಉಳಿದೇ ಉಳಿಯುತ್ತದೆ. ಶೇಷವಿಲ್ಲದೆ ಹಂಚುವ ದಾರಿ ಎರಡೇ: ಒಬ್ಬನಿಗೇ ಪೂರ್ತಿ ರಾಶಿ ಕೊಡಬೇಕು, ಇಲ್ಲವೇ ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆ ಮಂದಿಯನ್ನು ಸಾಲಾಗಿ ನಿಲ್ಲಿಸಿ ತಲೆಗೊಂದು ಕಾಳು ಕೊಡಬೇಕು. ತನ್ನಿಂದ ಮತ್ತು ಒಂದರಿಂದ ಮಾತ್ರ ಭಾಗವಾಗುವ ಇಂಥ ಸಂಖ್ಯೆಗೆ ಗಣಿತದಲ್ಲಿ ಅವಿಭಾಜ್ಯ ಸಂಖ್ಯೆ ಎಂದು ಹೆಸರು. 2, 3, 5, 7, 11, 13 ಇವೆಲ್ಲ ಅದೇ ಜಾತಿಯವು.

13 ಅವಿಭಾಜ್ಯ ಎಂದು ತಿಳಿಯಲು ಯಾರೂ ಬೆವರು ಸುರಿಸಬೇಕಿಲ್ಲ. ಆದರೆ ಹತ್ತು ಅಂಕಿಗಳ ಈ ಸಂಖ್ಯೆ ಒಡೆಯುವುದಿಲ್ಲ ಎಂದು ಹೇಳುವುದು ಹೇಗೆ? ಒಡೆಯುತ್ತದೆ ಎಂದು ತೋರಿಸಲು ಒಂದು ಭಾಜಕ ಸಿಕ್ಕರೆ ಸಾಕು. ಒಡೆಯುವುದೇ ಇಲ್ಲ ಎಂದು ಸಾಧಿಸಲು ಒಂದೂ ಭಾಜಕ ಇರಲು ಸಾಧ್ಯವಿಲ್ಲವೆಂದು ತೋರಿಸಬೇಕು. ಕ್ಯಾಲ್ಕುಲೇಟರು, ಕಂಪ್ಯೂಟರುಗಳು ಇಲ್ಲದ ಕಾಲದಲ್ಲಿ, ಕಣ್ಣು ಬಹುತೇಕ ಕಾಣದ ಒಬ್ಬ ಮುದುಕ ಇದನ್ನು ಸಾಧಿಸಿದ ಎಂಬುದು ಗಣಿತದ ಇತಿಹಾಸದ ಸೊಗಸಾದ ಅಧ್ಯಾಯಗಳಲ್ಲಿ ಒಂದು.

ಪಾದ್ರಿಯ ಪಟ್ಟಿ

ಚದುರಂಗದ ಮೊತ್ತಗಳು 1, 3, 7, 15, 31, 63, 127 ಎಂದು ಬೆಳೆಯುತ್ತವೆ. ಪ್ರತಿಯೊಂದೂ ಎರಡರ ಯಾವುದೋ ಘಾತಕ್ಕಿಂತ ಒಂದು ಕಡಿಮೆ. ಐದು ಮನೆಗಳ ಮೊತ್ತ 2⁵ − 1, ಅಂದರೆ 31. ಮೂವತ್ತೊಂದು ಮನೆಗಳದ್ದು 2³¹ − 1. ಮನೆಗಳ ಸಂಖ್ಯೆ ಒಡೆಯುವಂಥದ್ದಾದರೆ ಮೊತ್ತವೂ ಒಡೆಯುತ್ತದೆ. ಹದಿನೈದು ಮನೆಗಳ ಮೊತ್ತ 32,767 ಇದಕ್ಕೆ ನಿದರ್ಶನ. 15 ಎಂಬುದು ಮೂರೈದಲೆ ಆದದ್ದರಿಂದ ಈ ಮೊತ್ತ 7ರಿಂದಲೂ 31ರಿಂದಲೂ ಭಾಗವಾಗುತ್ತದೆ. ಹಾಗಾದರೆ ಮನೆಗಳ ಸಂಖ್ಯೆ ಅವಿಭಾಜ್ಯವಾದಾಗಲೆಲ್ಲ ಮೊತ್ತವೂ ಅವಿಭಾಜ್ಯವೇ? ಹಾಗೂ ಅಲ್ಲ. 11 ಅವಿಭಾಜ್ಯ, ಆದರೆ 2¹¹ − 1 ಅಂದರೆ 2,047 ಎಂಬುದು 23 ಮತ್ತು 89ರ ಗುಣಲಬ್ಧ. ಈ ಕಣ್ಣಾಮುಚ್ಚಾಲೆಯೇ ಗಣಿತಜ್ಞರನ್ನು ಶತಮಾನಗಳ ಕಾಲ ಕಾಡಿತು.

ಕಾಡಲು ಇನ್ನೊಂದು ಕಾರಣವೂ ಇತ್ತು. 6ರ ಭಾಜಕಗಳಾದ 1, 2, 3ನ್ನು ಕೂಡಿಸಿದರೆ 6ೇ ಬರುತ್ತದೆ. 28ರ ಭಾಜಕಗಳಾದ 1, 2, 4, 7, 14ನ್ನು ಕೂಡಿಸಿದರೆ 28. ಪ್ರಾಚೀನ ಗ್ರೀಕರು ಇಂಥವನ್ನು ಪರಿಪೂರ್ಣ ಸಂಖ್ಯೆಗಳೆಂದು ಕರೆದರು. ಚದುರಂಗದ ಮೊತ್ತವೊಂದು ಅವಿಭಾಜ್ಯವಾದಾಗ, ಅದನ್ನು ಅದರ ಕೊನೆಯ ಮನೆಯ ಕಾಳುಗಳಿಂದ ಗುಣಿಸಿದರೆ ಪರಿಪೂರ್ಣ ಸಂಖ್ಯೆ ಸಿಗುತ್ತದೆ ಎಂದು ಯೂಕ್ಲಿಡ್ ಸಾಧಿಸಿದ್ದ. 3 ಮತ್ತು 2ರಿಂದ 6. 7 ಮತ್ತು 4ರಿಂದ 28. ಹೀಗಾಗಿ ಇಂಥ ಹೊಸ ಅವಿಭಾಜ್ಯವೊಂದು ಸಿಕ್ಕಿತೆಂದರೆ ಹೊಸ ಪರಿಪೂರ್ಣ ಸಂಖ್ಯೆಯೂ ಸಿಕ್ಕಿದಂತೆ.

ಇಟಲಿಯ ಪಿಯೆತ್ರೋ ಕಟಾಲ್ಡಿ 1588ರಲ್ಲಿ 17 ಮತ್ತು 19 ಮನೆಗಳ ಮೊತ್ತಗಳು ಅವಿಭಾಜ್ಯವೆಂದು ತೋರಿಸಿದ. ಅವನ ದಾರಿ ನೇರವಾದದ್ದು: 750ರವರೆಗಿನ ಅವಿಭಾಜ್ಯ ಸಂಖ್ಯೆಗಳ ಪಟ್ಟಿ ಮಾಡಿಕೊಂಡು ಒಂದೊಂದರಿಂದಲೂ ಭಾಗಿಸಿ ನೋಡುವುದು. ಅಲ್ಲಿಗೇ ನಿಲ್ಲದೆ 23, 29, 31, 37 ಕೂಡ ಅವಿಭಾಜ್ಯಗಳನ್ನೇ ಕೊಡುತ್ತವೆ ಎಂದು ಅವನು ಹೇಳಿಬಿಟ್ಟ. ಅವುಗಳಲ್ಲಿ ನಿಜವಾದದ್ದು ಒಂದೇ, 31. ಉಳಿದ ಮೂರನ್ನು ಮುಂದೆ ಫರ್ಮಾ ಮತ್ತು ಆಯ್ಲರ್ ಒಡೆದು ತೋರಿಸಿದರು.

1644ರಲ್ಲಿ ಫ್ರಾನ್ಸಿನ ಕ್ರೈಸ್ತ ಸಂನ್ಯಾಸಿ ಮರೆನ್ ಮೆರ್ಸೆನ್ ತನ್ನ ಗ್ರಂಥವೊಂದರ ಮುನ್ನುಡಿಯಲ್ಲಿ ಪಟ್ಟಿಯೊಂದನ್ನು ಕೊಟ್ಟ. 257ರವರೆಗೆ 2, 3, 5, 7, 13, 17, 19, 31, 67, 127 ಮತ್ತು 257 ಮಾತ್ರ ಅವಿಭಾಜ್ಯ ಮೊತ್ತಗಳನ್ನು ಕೊಡುತ್ತವೆ ಎಂದು ಅದರಲ್ಲಿತ್ತು. 257 ಮನೆಗಳ ಮೊತ್ತ ಎಪ್ಪತ್ತೆಂಟು ಅಂಕಿಗಳ ಸಂಖ್ಯೆ. ಅದನ್ನು ಪರೀಕ್ಷಿಸುವ ಉಪಾಯ ಆಗ ಯಾರ ಬಳಿಯೂ ಇರಲಿಲ್ಲ. ಪಟ್ಟಿಯಲ್ಲಿ ಐದು ತಪ್ಪುಗಳಿದ್ದವು: 67 ಮತ್ತು 257 ಬರಬಾರದಾಗಿತ್ತು, 61, 89 ಮತ್ತು 107 ಬಿಟ್ಟುಹೋಗಿದ್ದವು. ಇಡೀ ಪಟ್ಟಿಯನ್ನು ಒರೆಗೆ ಹಚ್ಚಿ ಮುಗಿಸುವ ಹೊತ್ತಿಗೆ 1947 ಆಗಿತ್ತು. ತಪ್ಪುಗಳಿದ್ದರೂ ಪಾದ್ರಿಯ ಹೆಸರು ಉಳಿಯಿತು. ಈ ಜಾತಿಯ ಅವಿಭಾಜ್ಯಗಳನ್ನು ಇಂದಿಗೂ ಮೆರ್ಸೆನ್ ಅವಿಭಾಜ್ಯಗಳೆಂದೇ ಕರೆಯುತ್ತಾರೆ.

ಕಡಿಮೆ ಭಾಗಿಸುವ ಜಾಣತನ

31ರ ಸರದಿ ಬಂದದ್ದು 1772ರಲ್ಲಿ. ಲಿಯೊನ್ಹಾರ್ಡ್ ಆಯ್ಲರ್ ಆಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿದ್ದ. ವಯಸ್ಸು ಅರವತ್ತೈದರ ಸುಮಾರು. ಒಂದು ಕಣ್ಣಿನ ದೃಷ್ಟಿ ಬಹಳ ಹಿಂದೆಯೇ ಹೋಗಿತ್ತು. ಇನ್ನೊಂದಕ್ಕೆ ಪೊರೆ ಬಂದು ಅದೂ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಅದಕ್ಕೆ ಹಿಂದಿನ ವರ್ಷವಷ್ಟೇ ಬೆಂಕಿ ಅನಾಹುತದಲ್ಲಿ ಮನೆಯನ್ನೂ ಕಳೆದುಕೊಂಡಿದ್ದ. ಬರ್ನೂಲಿ ಮನೆತನದ ಗಣಿತಜ್ಞರೊಬ್ಬರಿಗೆ ಆ ವರ್ಷ ಬರೆದ ಪತ್ರದಲ್ಲಿ, 2³¹ − 1 ಅವಿಭಾಜ್ಯವೆಂದು ಪರೀಕ್ಷಿಸಿ ನೋಡಿರುವುದಾಗಿ ಆತ ತಿಳಿಸಿದ.

ಯಾವ ಸಂಖ್ಯೆಯನ್ನಾದರೂ ಪರೀಕ್ಷಿಸುವಾಗ ಅದರ ವರ್ಗಮೂಲದವರೆಗೆ ಭಾಗಿಸಿ ನೋಡಿದರೆ ಸಾಕು. ಅದಕ್ಕಿಂತ ದೊಡ್ಡ ಭಾಜಕ ಇದ್ದರೆ ಅದರ ಜೊತೆಗಾರ ವರ್ಗಮೂಲಕ್ಕಿಂತ ಚಿಕ್ಕದಾಗಿದ್ದು ಮೊದಲೇ ಸಿಕ್ಕಿಬೀಳುತ್ತದೆ. ನಮ್ಮ ಸಂಖ್ಯೆಯ ವರ್ಗಮೂಲ 46,340ಕ್ಕಿಂತ ಸ್ವಲ್ಪ ಹೆಚ್ಚು. ಅಲ್ಲಿಯವರೆಗಿನ ಅವಿಭಾಜ್ಯ ಸಂಖ್ಯೆಗಳೇ ನಾಲ್ಕು ಸಾವಿರದ ಎಂಟುನೂರರ ಸಮೀಪ ಇವೆ. ಕಟಾಲ್ಡಿಯ ದಾರಿಯಲ್ಲಿ ಹೋದರೆ ಅಷ್ಟೂ ಭಾಗಾಕಾರಗಳನ್ನು ಮಾಡಬೇಕು. ಆಯ್ಲರ್ ಭಾಗಿಸುವುದಕ್ಕೆ ಮೊದಲು ಯೋಚಿಸಿದ: ಈ ಸಂಖ್ಯೆಗೆ ಭಾಜಕವೊಂದು ಇದ್ದರೆ ಅದು ಎಂಥದ್ದಾಗಿರಬೇಕು?

ಆ ಯೋಚನೆಯ ಜಾಡನ್ನು ಚಿಕ್ಕ ಉದಾಹರಣೆಯಲ್ಲಿ ಹಿಡಿಯಬಹುದು. 2,047ನ್ನು 23 ಭಾಗಿಸುತ್ತದೆ. ಒಂದರಿಂದ ಹೊರಟು ಎರಡರಿಂದ ಗುಣಿಸುತ್ತಾ, 23 ಅಥವಾ ಅದಕ್ಕಿಂತ ಹೆಚ್ಚಾದಾಗಲೆಲ್ಲ 23ನ್ನು ಕಳೆಯುತ್ತಾ ಹೋದರೆ 2, 4, 8, 16, 9, 18, 13, 3, 6, 12 ಎಂದು ಬಂದು ಹನ್ನೊಂದನೆಯ ಹೆಜ್ಜೆಗೆ ಮತ್ತೆ 1ಕ್ಕೆ ತಲುಪುತ್ತದೆ. 2,047 ಎಂಬುದು 2¹¹ − 1 ಆದದ್ದರಿಂದಲೇ ಈ ಸುತ್ತು ಹನ್ನೊಂದು ಹೆಜ್ಜೆಗಳದ್ದು. ಭಾಜಕ ಅವಿಭಾಜ್ಯವಾಗಿದ್ದರೆ ಇಂಥ ಸುತ್ತಿನ ಹೆಜ್ಜೆಗಳು ಅದಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸಲೇಬೇಕು ಎಂಬುದು ಫರ್ಮಾನ ಪ್ರಮೇಯದಿಂದ ತಿಳಿಯುತ್ತದೆ. ಇಲ್ಲಿ 11 ಎಂಬುದು 22ನ್ನು ಭಾಗಿಸುತ್ತದೆ. ಇನ್ನೊಂದು ಭಾಜಕವಾದ 89ರಲ್ಲೂ ಅಷ್ಟೆ. 88 ಎಂಬುದು 11 ಎಂಟಲೆ.

ಇದೇ ನ್ಯಾಯದಿಂದ 2³¹ − 1ಕ್ಕೆ ಅವಿಭಾಜ್ಯ ಭಾಜಕವಿದ್ದರೆ ಅದರಿಂದ ಒಂದು ಕಳೆದಾಗ 31ರಿಂದ ಭಾಗವಾಗಬೇಕು. ಭಾಜಕ ಬೆಸ ಸಂಖ್ಯೆಯಾದದ್ದರಿಂದ 62ರಿಂದಲೂ ಭಾಗವಾಗಬೇಕು. ಜೊತೆಗೆ ಇನ್ನೊಂದು ನಿಯಮವುಂಟು: ಅಂಥ ಭಾಜಕವನ್ನು 8ರಿಂದ ಭಾಗಿಸಿದರೆ ಉಳಿಯುವುದು 1 ಅಥವಾ 7 ಮಾತ್ರ. ಎರಡನ್ನೂ ಸೇರಿಸಿದರೆ, ಭಾಜಕವನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಆಗಿರಲೇಬೇಕು. 46,340ರವರೆಗೆ ಅಂಥ ಸಂಖ್ಯೆಗಳು ಕೆಲವೇ ನೂರು. ಮೊದಲು ಬರುವ 63ನ್ನು ಬಿಟ್ಟರೆ ಉಳಿಯುವುದು 372. ಅವುಗಳಲ್ಲೂ ಬಹುಪಾಲು ತಾವೇ ಒಡೆಯುವಂಥವು. ಸಾಲಿನ ಆರಂಭವನ್ನೇ ನೋಡಬಹುದು: 63, 249, 311, 497, 559, 745, 807, 993, 1055, 1241. ಈ ಹತ್ತರಲ್ಲಿ ಅವಿಭಾಜ್ಯವಾದದ್ದು 311 ಒಂದೇ! 2,14,74,83,647ನ್ನು 311ರಿಂದ ಭಾಗಿಸಿದರೆ 35 ಉಳಿಯುತ್ತದೆ. ಮುಂದಿನ ಅಭ್ಯರ್ಥಿ 1303ರಿಂದ ಭಾಗಿಸಿದರೆ 226 ಉಳಿಯುತ್ತದೆ. ಹೀಗೆ ಕೊನೆಯವರೆಗೂ ಯಾವುದರಲ್ಲೂ ಶೇಷ ಸೊನ್ನೆಯಾಗಲಿಲ್ಲ.

ಸಾವಿರಾರು ಭಾಗಾಕಾರಗಳು ಹೆಚ್ಚೆಂದರೆ ಮುನ್ನೂರ ಎಪ್ಪತ್ತೆರಡಕ್ಕೆ ಇಳಿದದ್ದು ವೇಗವಾಗಿ ಲೆಕ್ಕ ಮಾಡಿದ್ದರಿಂದಲ್ಲ; ಯಾವ ಲೆಕ್ಕ ಮಾಡಬೇಕಾಗಿಲ್ಲ ಎಂದು ಕಂಡುಕೊಂಡದ್ದರಿಂದ. ಕಟಾಲ್ಡಿ ಎಡವಿದ 29ರ ಮೇಲೆ ಇದೇ ಜಾಣತನವನ್ನು ಪ್ರಯೋಗಿಸಿ ನೋಡಬಹುದು. ಭಾಜಕವಿದ್ದರೆ ಅದು 58ರ ಮಗ್ಗಿಗಿಂತ ಒಂದು ಹೆಚ್ಚಿರಬೇಕು: 59, 117, 175, 233. ನಾಲ್ಕನೆಯ ಪ್ರಯತ್ನಕ್ಕೇ ಸಂಖ್ಯೆ ಒಡೆಯುತ್ತದೆ. 53,68,70,911 ಎಂಬುದು 233 ಮತ್ತು 23,04,167ರ ಗುಣಲಬ್ಧ.

‘ಇದೇ ಕೊನೆ’ ಎಂದ ಪಂಡಿತ

ಆಯ್ಲರ್ ಕೊಟ್ಟ ಅವಿಭಾಜ್ಯದಿಂದ 23,05,84,30,08,13,99,52,128 ಎಂಬ ಪರಿಪೂರ್ಣ ಸಂಖ್ಯೆ ಹುಟ್ಟಿತು. ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ ಪ್ರಕಟಿಸಿದ ಸಂಖ್ಯಾಶಾಸ್ತ್ರದ ಗ್ರಂಥದಲ್ಲಿ ಇದರ ಬಗ್ಗೆ ತನ್ನ ತೀರ್ಪು ಕೊಟ್ಟ. ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಎಂದೂ ಪತ್ತೆಯಾಗಲಾರದು. ಇವು ಬರೀ ಕುತೂಹಲದ ವಸ್ತುಗಳು, ಉಪಯೋಗವಿಲ್ಲದವು. ಆದ್ದರಿಂದ ಇನ್ನೂ ದೊಡ್ಡದನ್ನು ಹುಡುಕುವ ಶ್ರಮವನ್ನು ಯಾರೂ ತೆಗೆದುಕೊಳ್ಳಲಾರರು ಎಂಬುದು ಅವನ ಮಾತಿನ ಸಾರಾಂಶ. ಬಾರ್ಲೋ ಸಾಮಾನ್ಯನಲ್ಲ, ಅವನು ತಯಾರಿಸಿದ ವರ್ಗಮೂಲ, ಘನಮೂಲಗಳ ಕೋಷ್ಟಕಗಳನ್ನು ತಲೆಮಾರುಗಳ ಕಾಲ ಎಂಜಿನಿಯರುಗಳು ಬಳಸಿದರು.

ಸ್ವಲ್ಪ ಕಾಲ ಅವನ ಮಾತು ನಿಜವೆನಿಸಿತು. 1867ರವರೆಗೂ 2³¹ − 1 ಜಗತ್ತಿಗೆ ತಿಳಿದಿದ್ದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯಾಗಿ ಉಳಿಯಿತು. 1876ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲ್ಯೂಕಾ ಭಾಜಕಗಳನ್ನು ಹುಡುಕದೆಯೇ ತೀರ್ಮಾನ ಹೇಳುವ ಹೊಸ ವಿಧಾನವನ್ನು ತಂದು, ಮೂವತ್ತೊಂಬತ್ತು ಅಂಕಿಗಳ 2¹²⁷ − 1 ಅವಿಭಾಜ್ಯವೆಂದು ಸಾಧಿಸಿದ. 1883ರಲ್ಲಿ ರಷ್ಯಾದ ಹಳ್ಳಿಯ ಪಾದ್ರಿ ಇವಾನ್ ಪೆರ್ವುಶಿನ್, ಮೆರ್ಸೆನ್ ಬಿಟ್ಟಿದ್ದ 61ನ್ನು ಪಟ್ಟಿಗೆ ಸೇರಿಸಿದ.

ಲ್ಯೂಕಾನ ವಿಧಾನವನ್ನು 1930ರಲ್ಲಿ ಅಮೆರಿಕದ ಡಿ. ಎಚ್. ಲೆಹ್ಮರ್ ಸರಳಗೊಳಿಸಿದ. ಅದು ಎಷ್ಟು ಸರಳವೆಂದರೆ ಹೈಸ್ಕೂಲ್ ವಿದ್ಯಾರ್ಥಿಯೂ ಮಾಡಬಹುದು. 4ರಿಂದ ಆರಂಭಿಸಿ, ಅದರ ವರ್ಗ ಮಾಡಿ 2 ಕಳೆಯಬೇಕು. ಬಂದದ್ದನ್ನು ಪರೀಕ್ಷೆಗೆ ಒಡ್ಡಿದ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. ಆ ಶೇಷದ ಮೇಲೆ ಮತ್ತೆ ಅದೇ ಕೆಲಸ. ಮನೆಗಳ ಸಂಖ್ಯೆಗಿಂತ ಎರಡು ಕಡಿಮೆ ಬಾರಿ ಹೀಗೆ ಮಾಡಿದ ಮೇಲೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ. 31 ಅಂದರೆ 2⁵ − 1ಕ್ಕೆ ಮೂರು ಹೆಜ್ಜೆ ಸಾಕು: 14, 8, 0. ಆದ್ದರಿಂದ 31 ಅವಿಭಾಜ್ಯ. 2,047ಕ್ಕೆ ಒಂಬತ್ತು ಹೆಜ್ಜೆ ಹಾಕಿದರೆ ಕೊನೆಗೆ ಉಳಿಯುವುದು 1,736. ಆದ್ದರಿಂದ ಅದು ಒಡೆಯುತ್ತದೆ. ಆಯ್ಲರನ ಸಂಖ್ಯೆಗೆ ಇಪ್ಪತ್ತೊಂಬತ್ತೇ ಹೆಜ್ಜೆ!

ಈ ಬಗೆಯ ಪರೀಕ್ಷೆಯಲ್ಲೊಂದು ಚಮತ್ಕಾರವಿದೆ. ಸಂಖ್ಯೆ ಒಡೆಯುತ್ತದೆ ಎಂದು ಅದು ಖಚಿತವಾಗಿ ಹೇಳುತ್ತದೆ, ಆದರೆ ಹೇಗೆ ಒಡೆಯುತ್ತದೆ ಎಂದು ಹೇಳುವುದಿಲ್ಲ. ಮೆರ್ಸೆನ್ ಪಟ್ಟಿಯ 67 ತಪ್ಪೆಂದು ಲ್ಯೂಕಾ 1876ರಲ್ಲೇ ತೋರಿಸಿದ್ದ. ಭಾಜಕಗಳು ಸಿಕ್ಕಿದ್ದು 1903ರಲ್ಲಿ. ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಅವು 19,37,07,721 ಮತ್ತು 7,61,83,82,57,287 ಎಂದು ಗಣಿತಜ್ಞರ ಸಭೆಯ ಮುಂದಿಟ್ಟ. ಅದಕ್ಕಾಗಿ ಮೂರು ವರ್ಷಗಳ ಭಾನುವಾರಗಳನ್ನು ಸವೆಸಿದ ಎಂಬ ಹೇಳಿಕೆ ಪ್ರಸಿದ್ಧವಾಗಿದೆ.

ಉಪಯೋಗವಿಲ್ಲದ್ದು ಉಪಯೋಗಕ್ಕೆ ಬಂದಾಗ

ಬಾರ್ಲೋನ ಇನ್ನೊಂದು ಮಾತು, ಇಂಥ ಸಂಖ್ಯೆಗಳಿಂದ ಉಪಯೋಗವಿಲ್ಲ ಎಂಬುದು, ಸುಳ್ಳಾಗಲು ಕಂಪ್ಯೂಟರ್ ಬರಬೇಕಾಯಿತು. ಹವಾಮಾನದ ಅಧ್ಯಯನದಿಂದ ಹಿಡಿದು ಮಕ್ಕಳ ವಿಡಿಯೋ ಆಟದವರೆಗೆ ಅನೇಕ ಕಡೆ ದಾಳ ಉರುಳಿಸಿದಂತೆ ಗೊತ್ತುಗುರಿಯಿಲ್ಲದೆ ಬರುವ ಸಂಖ್ಯೆಗಳು ಬೇಕು. ಯಂತ್ರಕ್ಕೆ ದಾಳ ಉರುಳಿಸಲು ಬಾರದು. ಅದು ಲೆಕ್ಕವನ್ನಷ್ಟೇ ಮಾಡಬಲ್ಲದು. ಹಾಗಾಗಿ ದಾಳದಂತೆ ತೋರುವ ಲೆಕ್ಕವೊಂದು ಬೇಕಾಯಿತು. ಅಂಥದ್ದನ್ನು ಸೂಚಿಸಿದವನೂ ಅದೇ ಲೆಹ್ಮರ್.

ಉಪಾಯ ಇಷ್ಟೆ: ಒಂದು ಸಂಖ್ಯೆಯನ್ನು ನಿಗದಿತ ಗುಣಕದಿಂದ ಗುಣಿಸಿ, ನಿಗದಿತ ಭಾಜಕದಿಂದ ಭಾಗಿಸಿ, ಶೇಷವನ್ನು ಮುಂದಿನ ಸಂಖ್ಯೆಯಾಗಿ ತೆಗೆದುಕೊಳ್ಳುವುದು. ಗುಣಕ 3, ಭಾಜಕ 7 ಎಂದಿಟ್ಟುಕೊಂಡರೆ 1, 3, 2, 6, 4, 5 ಎಂದು ಬಂದು ಮತ್ತೆ 1 ಬರುತ್ತದೆ. 7ಕ್ಕಿಂತ ಚಿಕ್ಕವಾದ ಆರೂ ಸಂಖ್ಯೆಗಳು ಒಮ್ಮೊಮ್ಮೆ ಬಂದವು, ಯಾವುದೂ ತಪ್ಪಲಿಲ್ಲ. ಭಾಜಕ 8 ಆಗಿದ್ದರೆ 1, 3, 1, 3 ಎಂದು ಅಲ್ಲಲ್ಲೇ ಗಿರಕಿ ಹೊಡೆಯುತ್ತದೆ. ಭಾಜಕ ಅವಿಭಾಜ್ಯವಾಗಿದ್ದು, ಗುಣಕವನ್ನು ನೋಡಿ ಆರಿಸಿಕೊಂಡರೆ ಎಲ್ಲರ ಸರದಿಯೂ ಬರುತ್ತದೆ.

1969ರಲ್ಲಿ ಐಬಿಎಂ ಸಿಸ್ಟಂ 360 ಕಂಪ್ಯೂಟರಿಗೆ ಇಂಥ ಕ್ರಮವೊಂದನ್ನು ರೂಪಿಸಿದಾಗ ಆರಿಸಿಕೊಂಡ ಭಾಜಕ ಆಯ್ಲರನ 2,14,74,83,647. ಗುಣಕ 16,807, ಅಂದರೆ 7ರ ಐದನೆಯ ಘಾತ. ಈ ಜೋಡಿ ಇನ್ನೂರ ಹದಿನಾಲ್ಕು ಕೋಟಿಗೂ ಹೆಚ್ಚು ಸಂಖ್ಯೆಗಳನ್ನು ಒಂದೊಂದಾಗಿ ಕೊಟ್ಟ ನಂತರವೇ ಆರಂಭಕ್ಕೆ ಮರಳುತ್ತದೆ. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಎಂಬ ತಜ್ಞರು ಇದನ್ನೇ ಕನಿಷ್ಠ ಮಾನದಂಡವೆಂದು ಶಿಫಾರಸು ಮಾಡಿದರು. ಮುಂದೆ 2011ರ ಸಿ ಪ್ಲಸ್ ಪ್ಲಸ್ ಭಾಷೆಯ ಮಾನಕದಲ್ಲೂ ಅದಕ್ಕೆ ಜಾಗ ಸಿಕ್ಕಿತು. ಆದರೆ ಗುಟ್ಟು ಕಾಯುವ ಕೆಲಸಕ್ಕೆ ಇದು ಸಲ್ಲದು. ಒಂದು ಸಂಖ್ಯೆ ಗೊತ್ತಾದರೆ ಮುಂದಿನದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಗೂಢಲಿಪಿಯಲ್ಲಿ ಬಳಸುವ ಅವಿಭಾಜ್ಯಗಳು ನೂರಾರು ಅಂಕಿಗಳವು.

ಯಂತ್ರಕ್ಕೆ ಈ ಸಂಖ್ಯೆ ಹಿತವಾಗಲು ಇನ್ನೊಂದು ಕಾರಣವಿದೆ. ಕಂಪ್ಯೂಟರ್ ಎಣಿಸುವುದು 0 ಮತ್ತು 1 ಎಂಬ ಎರಡೇ ಅಂಕಿಗಳ ದ್ವಿಮಾನ ಪದ್ಧತಿಯಲ್ಲಿ. ಆ ಪದ್ಧತಿಯಲ್ಲಿ 2³¹ − 1 ಬರೆದರೆ ಮೂವತ್ತೊಂದು ಒಂದುಗಳ ಸಾಲು. ನಮ್ಮ ಪದ್ಧತಿಯಲ್ಲಿ 999 ಇದ್ದಂತೆ ಅದು. 9ರ ಶೇಷ ತಿಳಿಯಲು ಅಂಕಿಗಳನ್ನು ಕೂಡಿಸಿದರೆ ಸಾಕೆಂದು ಶಾಲೆಯಲ್ಲಿ ಕಲಿಸುತ್ತಾರಲ್ಲವೇ? ಅದೇ ರೀತಿ ಕಂಪ್ಯೂಟರು ಭಾಗಾಕಾರದ ಗೋಜಿಗೆ ಹೋಗದೆ ತುಂಡುಗಳನ್ನು ಕೂಡಿಸಿ ಶೇಷ ತೆಗೆಯುತ್ತದೆ.

ಒಂದು ಸಂಖ್ಯೆಗೆ ಮೂವತ್ತೆರಡು ಖಾನೆಗಳನ್ನು ಮೀಸಲಿಟ್ಟು, ಅದರಲ್ಲೊಂದನ್ನು ಧನ ಅಥವಾ ಋಣ ಚಿಹ್ನೆಗೆ ಬಿಟ್ಟರೆ, ಉಳಿದ ಖಾನೆಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯೂ ಇದೇ. 2014ರಲ್ಲಿ ‘ಗ್ಯಾಂಗ್ನಂ ಸ್ಟೈಲ್’ ಎಂಬ ಕೊರಿಯಾದ ಹಾಡನ್ನು ಯೂಟ್ಯೂಬಿನಲ್ಲಿ ನೋಡಿದವರ ಲೆಕ್ಕ ಈ ಮಿತಿಯನ್ನು ದಾಟಿದಾಗ, ಲೆಕ್ಕದ ಖಾನೆಗಳನ್ನು ಅರವತ್ತನಾಲ್ಕಕ್ಕೆ ಹೆಚ್ಚಿಸಿರುವುದಾಗಿ ಆ ಸಂಸ್ಥೆ ತಿಳಿಸಿತು. ಅನೇಕ ಕಂಪ್ಯೂಟರುಗಳು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸಿ ಕಾಲವನ್ನು ಹೇಳುತ್ತವೆ. ಮೂವತ್ತೆರಡು ಖಾನೆಗಳ ಗಡಿಯಾರದಲ್ಲಿ ಆ ಎಣಿಕೆ 2,14,74,83,647ಕ್ಕೆ ಮುಟ್ಟುವುದು 2038ರ ಜನವರಿ 19ರಂದು, ಭಾರತದ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಹಳೆಯ ಯಂತ್ರಗಳನ್ನು ಅದರೊಳಗೆ ಬದಲಿಸದಿದ್ದರೆ ಮರು ಸೆಕೆಂಡಿಗೆ ಅವು 1901ಕ್ಕೆ ಜಾರುತ್ತವೆ.

ಕಾನ್ಪುರದ ಕೊಡುಗೆ

ಲ್ಯೂಕಾ ಮತ್ತು ಲೆಹ್ಮರರ ಪರೀಕ್ಷೆ ಮೆರ್ಸೆನ್ ಜಾತಿಯ ಸಂಖ್ಯೆಗಳಿಗೆ ಮಾತ್ರ ಸಲ್ಲುತ್ತದೆ. ಯಾವುದೇ ಸಂಖ್ಯೆ ಕೊಟ್ಟರೂ, ಅದರ ಅಂಕಿಗಳು ಹೆಚ್ಚಿದಂತೆ ಕೆಲಸ ಕೈಮೀರಿ ಬೆಳೆಯದೆ, ಅನುಮಾನಕ್ಕೆ ಎಡೆಯಿಲ್ಲದೆ ತೀರ್ಪು ಕೊಡುವ ಪರೀಕ್ಷೆ ಇದೆಯೇ ಎಂಬ ಪ್ರಶ್ನೆ ಬಹುಕಾಲ ಹಾಗೇ ಉಳಿದಿತ್ತು. 2002ರಲ್ಲಿ ಉತ್ತರ ಬಂದದ್ದು ಕಾನ್ಪುರದ ಐಐಟಿಯಿಂದ. ಪ್ರಾಧ್ಯಾಪಕ ಮಣೀಂದ್ರ ಅಗ್ರವಾಲ್, ಆಗತಾನೇ ಬಿ.ಟೆಕ್ ಮುಗಿಸಿದ್ದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಸೇರಿ ಅದನ್ನು ಸಾಧಿಸಿದರು. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದರು. ಆ ಸಾಧನೆಯ ಹಿಂದಿನ ಬೀಜವೂ ಫರ್ಮಾನ ಅದೇ ಹಳೆಯ ಪ್ರಮೇಯ.

ದೊಡ್ಡ ಮೆರ್ಸೆನ್ ಅವಿಭಾಜ್ಯಗಳ ಬೇಟೆಯೂ ನಿಂತಿಲ್ಲ. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಆರಂಭಿಸಿದ ಯೋಜನೆಯಲ್ಲಿ ಸಾವಿರಾರು ಹವ್ಯಾಸಿಗಳು ತಮ್ಮ ಕಂಪ್ಯೂಟರುಗಳ ಬಿಡುವಿನ ವೇಳೆಯನ್ನು ಇದಕ್ಕೆ ಕೊಡುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್ ಈ ಯೋಜನೆಯ ಮೂಲಕ ಪತ್ತೆಹಚ್ಚಿದ ಸಂಖ್ಯೆಗೆ ಬೇಕಾದ ಮನೆಗಳು 13,62,79,841. ಅದರಲ್ಲಿರುವ ಅಂಕಿಗಳು 4,10,24,320. ಪುಟಕ್ಕೆ ಐದು ಸಾವಿರ ಅಂಕಿಗಳಂತೆ ಅಚ್ಚುಹಾಕಿದರೂ ಎಂಟು ಸಾವಿರಕ್ಕಿಂತ ಹೆಚ್ಚು ಪುಟಗಳು ಬೇಕು. ಆಯ್ಲರನ ಸಂಖ್ಯೆ ಆ ಪುಸ್ತಕದಲ್ಲಿ ಒಂದು ಸಾಲನ್ನೂ ತುಂಬಲಾರದು.

ಬಾರ್ಲೋ ‘ಇದೇ ಕೊನೆ’ ಎಂದ ಜಾಗದಿಂದ ದಾರಿ ಇಷ್ಟು ದೂರ ಸಾಗಿದೆ. ದಾರಿಗೆ ಕೊನೆಯುಂಟೇ? ಅವಿಭಾಜ್ಯ ಸಂಖ್ಯೆಗಳು ಮುಗಿಯುವುದಿಲ್ಲವೆಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿದ್ದಾನೆ. ಆದರೆ ಮೆರ್ಸೆನ್ ಅವಿಭಾಜ್ಯಗಳಿಗೆ ಕೊನೆಯಿಲ್ಲ ಎಂದಾಗಲಿ, ಇದೆ ಎಂದಾಗಲಿ ಇದುವರೆಗೆ ಯಾರೂ ಸಾಧಿಸಿಲ್ಲ. ಅದಕ್ಕೆ ಎಷ್ಟು ವೇಗದ ಕಂಪ್ಯೂಟರೂ ಸಾಲದು, ಏಕೆಂದರೆ ಯಂತ್ರ ಪರೀಕ್ಷಿಸುವುದು ಒಂದೊಂದೇ ಸಂಖ್ಯೆಯನ್ನು. ಭಾಗಿಸುವ ಮೊದಲು ಆಯ್ಲರ್ ಮಾಡಿದಂಥ ಯೋಚನೆಯೊಂದು ಅಲ್ಲಿಗೆ ಬೇಕಾಗಿದೆ. ಕಾಗದ, ಪೆನ್ಸಿಲು ಇರುವ ಯಾವ ವಿದ್ಯಾರ್ಥಿಗೂ ಆ ಬಾಗಿಲು ತೆರೆದೇ ಇದೆ.